ಇಳಿಯುವ ಹೊತ್ತನ್ನು ಮೊದಲು ಗೊತ್ತುಮಾಡಿ

ಡಿಸೆಂಬರಿನಲ್ಲಿ ಕುಮಾರಪರ್ವತಕ್ಕೆ ಹೋಗುತ್ತೇವೆ, ಏನೇನು ಕೊಂಡುಹೋಗಬೇಕು ಹೇಳಿ ಅಂತ ನಮ್ಮ ಕಾಟಿಪಳ್ಳದ ಹುಡುಗ ಹುಡುಗಿಯರು ಕೇಳುವಾಗ ನನಗೆ ತುಂಬ ಸಂತೋಷವಾಗುತ್ತದೆ. ಕೇಳುವವರಲ್ಲಿ ಎರಡನೇ ಬ್ಲಾಕಿನವರಿದ್ದಾರೆ, ಕೃಷ್ಣಾಪುರದವರಿದ್ದಾರೆ, ಕಾನದವರಿದ್ದಾರೆ. ಎಲ್ಲರ ಮೊದಲ ಪ್ರಶ್ನೆ ಒಂದೇ: ಯಾವ ಬ್ಯಾಗು, ಯಾವ ಶೂ? ಅದಕ್ಕೂ ಉತ್ತರ ಕೊಡುತ್ತೇನೆ. ಆದರೆ ಅಂಗಡಿಗೆ ಹೋಗುವ ಮೊದಲು ನೀವೆಲ್ಲ ಕೂತು ತೀರ್ಮಾನಿಸಬೇಕಾದ ಸಂಗತಿ ಒಂದು ಉಂಟು. ಎಲ್ಲೇ ಇದ್ದರೂ ಎಷ್ಟು ಗಂಟೆಗೆ ತಿರುಗಿ ಹೊರಡುತ್ತೀರಿ? ಅದನ್ನು ಮನೆಯಲ್ಲೇ, ಚಾ ಕುಡಿಯುತ್ತಾ, ತಲೆ ತಣ್ಣಗಿರುವಾಗ ಗೊತ್ತುಮಾಡಬೇಕು. ಶಿಖರ ಕಣ್ಣೆದುರು ನಿಂತ ಮೇಲೆ ಯಾರಿಗೂ ಆ ತೀರ್ಮಾನ ಮಾಡಲಿಕ್ಕೆ ಮನಸ್ಸು ಬರುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಕುಮಾರಪರ್ವತದ ಎತ್ತರ 1712 ಮೀಟರ್. ನಡಿಗೆ ಶುರುವಾಗುವ ಕುಕ್ಕೆ ಇರುವುದು ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರ್ ಮೇಲೆ. ಅಂದರೆ ಏರಬೇಕಾದ್ದು ಸುಮಾರು 1600 ಮೀಟರ್, ನಡೆಯಬೇಕಾದ್ದು ಹದಿಮೂರು ಕಿಲೋಮೀಟರಿನ ಆಸುಪಾಸು. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಗುಡ್ಡ ಹತ್ತುವವರು 1892ರಲ್ಲಿ ಕೊಟ್ಟ ಒಂದು ಲೆಕ್ಕ ಇವತ್ತಿಗೂ ಕೆಲಸಕ್ಕೆ ಬರುತ್ತದೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹಾಗೆ ಕೂಡಿಸಿದರೆ ಕುಕ್ಕೆಯಿಂದ ತುದಿಗೆ ಐದೂಕಾಲು ಗಂಟೆ. ಇದು ಚೆನ್ನಾಗಿ ಪಳಗಿದ ಕಾಲಿನವರು, ಎಲ್ಲೂ ಕೂರದೆ ನಡೆದರೆ. ಹೊಸಬರು, ಬೆನ್ನ ಮೇಲೆ ಹೊರೆ, ನಮ್ಮ ಕರಾವಳಿಯ ಬೆವರು, ಇವಕ್ಕೆಲ್ಲ ಅರ್ಧದಷ್ಟು ಸೇರಿಸಿ. ಎಂಟು ಗಂಟೆ ಬಂತು. ಬೆಳಿಗ್ಗೆ ಆರೂವರೆಗೆ ಹೊರಟವರು ತುದಿ ಮುಟ್ಟುವಾಗ ಮಧ್ಯಾಹ್ನ ಎರಡೂವರೆ. ಡಿಸೆಂಬರಿನಲ್ಲಿ ಸಂಜೆ ಆರು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ದಟ್ಟ ಕಾಡಿನೊಳಗೆ ಕತ್ತಲು ಅದಕ್ಕಿಂತ ಅರ್ಧ ಗಂಟೆ ಮೊದಲೇ ಬಂದು ಕೂತಿರುತ್ತದೆ. ಆ ದಾರಿಯ ಕೊನೆಯ ನಾಲ್ಕೈದು ಕಿಲೋಮೀಟರ್, ಅಂದರೆ ಗಿರಿಗದ್ದೆಯ ಭಟ್ಟರ ಮನೆಯಿಂದ ಕುಕ್ಕೆಗೆ ಇಳಿಯುವ ಭಾಗ, ಪೂರ್ತಿ ಬೇರು, ಕಲ್ಲು, ಒದ್ದೆ ಎಲೆಗಳ ಕಾಡು. ದಣಿದ ಕಾಲು, ಮುಗಿದ ನೀರು, ಮೊಬೈಲಿನ ಬೆಳಕು. ಮೊದಲ ಸಲ ಹೋದವರ ಕಾಲು ಉಳುಕುವುದು ಅಲ್ಲಿಯೇ.

ಆದ್ದರಿಂದ ನನ್ನ ಮಾತು ಇಷ್ಟು: ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲಿದ್ದೀರೋ ಅಲ್ಲಿಂದ ತಿರುಗಿ. ದಾರಿಯ ನಡುವಿನ ಕಲ್ಲುಮಂಟಪದಲ್ಲಿದ್ದರೆ ಕಲ್ಲುಮಂಟಪದಿಂದ, ತುದಿಗೆ ಮೊದಲು ಸಿಗುವ ಶೇಷಪರ್ವತದಲ್ಲಿದ್ದರೆ ಶೇಷಪರ್ವತದಿಂದ. ಹುಲ್ಲುಗಾವಲಿನ ಆ ಏಣು, ಕೆಳಗೆ ತೇಲುವ ಮೋಡ, ಎದುರಿಗೆ ಸಾಲುಸಾಲು ಘಟ್ಟ ಎಲ್ಲ ಅಲ್ಲಿಂದಲೂ ಕಾಣುತ್ತದೆ. ಕಾಟಿಪಳ್ಳದಿಂದ ಕುಕ್ಕೆಗೆ ನೂರು ಕಿಲೋಮೀಟರಿಗೂ ಹೆಚ್ಚು. ಬೆಳಗಿನ ಬಸ್ಸು ಹಿಡಿದು ಅಲ್ಲಿಗೆ ಮುಟ್ಟುವಾಗ ಬಿಸಿಲು ಏರಿರುತ್ತದೆ. ಹಿಂದಿನ ಸಂಜೆಯೇ ಹೋಗಿ ಕುಕ್ಕೆಯಲ್ಲಿ ಮಲಗಿ. ಬೇಗ ಹೊರಡುವವನಿಗೆ ಅರ್ಧ ಗುಡ್ಡ ನೆರಳಲ್ಲೇ ಮುಗಿಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತನ್ನೂ ನೇರವಾಗಿ ಹೇಳುತ್ತೇನೆ: ಕುಮಾರಪರ್ವತ ಮೊದಲ ಗುಡ್ಡ ಆಗಬಾರದು. ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಅದರ ಹೆಸರನ್ನೇ ಹೇಳುವುದರಿಂದ ಎಲ್ಲರೂ ಅಲ್ಲಿಂದಲೇ ಶುರುಮಾಡುತ್ತಾರೆ. ದಕ್ಷಿಣ ಭಾರತದ ಕಠಿಣ ಏರುಗಳಲ್ಲಿ ಅದೂ ಒಂದು. ಶುರು ಮಾಡಲಿಕ್ಕೆ ನಮ್ಮ ಮನೆಬಾಗಿಲೇ ಸಾಕು.

ಕಾಟಿಪಳ್ಳ ಇರುವುದೇ ಗುಡ್ಡೆಯ ಮೇಲೆ. ಕೈಕಂಬದಿಂದ ಸುರತ್ಕಲ್ಲಿಗೆ ಇಳಿದು, ದೀಪಸ್ತಂಭದ ಬಳಿ ಕಡಲ ಬದಿಗೆ ಮುಟ್ಟಿ, ಅದೇ ದಾರಿಯಲ್ಲಿ ಹತ್ತಿ ಬನ್ನಿ. ಇದನ್ನು ವಾರಕ್ಕೆ ಮೂರು ಬೆಳಗ್ಗೆ ಮಾಡಿ. ಎರಡು ವಾರದ ನಂತರ ಬ್ಯಾಗಿನಲ್ಲಿ ಎರಡು ಬಾಟಲಿ ನೀರು ಹಾಕಿಕೊಳ್ಳಿ, ಆಮೇಲೆ ನಾಲ್ಕು. ಭಾನುವಾರ ಸುರತ್ಕಲ್ ಕಡಲ ಕಿನಾರೆಯಿಂದ ಮುಕ್ಕ ದಾಟಿ ಸಸಿಹಿತ್ಲುವಿನವರೆಗೆ, ನಂದಿನಿ ಮತ್ತು ಶಾಂಭವಿ ಕೂಡಿ ಕಡಲಿಗೆ ಸೇರುವ ಅಳಿವೆಯವರೆಗೆ ನಡೆಯಿರಿ. ಒಣ ಮರಳಿನಲ್ಲಿ ಎರಡು ಗಂಟೆ ನಡೆದರೆ ಹರಡಿನ ಸುತ್ತಲಿನ ಸಣ್ಣ ಸಣ್ಣ ಸ್ನಾಯುಗಳು ಗಟ್ಟಿಯಾಗುತ್ತವೆ. ಕಲ್ಲಿನ ಮೇಲೆ ಕಾಲು ವಾಲಿದಾಗ ಉಳುಕದಂತೆ ಹಿಡಿಯುವುದು ಅವೇ. ಕಡಲು ಕೊರೆದಲ್ಲಿ ಹಾಕಿದ ಬಂಡೆಕಲ್ಲುಗಳ ಮೇಲೆ ಮಾತ್ರ ಹಾರಾಡಬೇಡಿ, ಪಾಚಿ ಇರುತ್ತದೆ.

ಹತ್ತುವುದಕ್ಕಿಂತ ಇಳಿಯುವುದನ್ನು ಹೆಚ್ಚು ಅಭ್ಯಾಸ ಮಾಡಿ. ಹತ್ತುವಾಗ ದಣಿಯುವುದು ಉಸಿರು. ಐದು ನಿಮಿಷ ನಿಂತರೆ ಅದು ಮರಳುತ್ತದೆ. ಇಳಿಯುವಾಗ ದಣಿಯುವುದು ತೊಡೆ. ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಇಡೀ ದೇಹದ ಭಾರವನ್ನು ತಡೆದು ಹಿಡಿಯಬೇಕು. ಅದು ಸೋತರೆ ಭಾರ ನೇರ ಮಂಡಿಗೆ ಬೀಳುತ್ತದೆ. ಗುಡ್ಡ ಇಳಿದವರ ತೊಡೆನೋವು ಮರುದಿನಕ್ಕಿಂತ ಮೂರನೇ ದಿನ ಜಾಸ್ತಿ ಕಾಣುವುದೂ ಸ್ನಾಯು ಹೀಗೆ ಹಿಗ್ಗುತ್ತಾ ದುಡಿದದ್ದರಿಂದಲೇ. ಹೆಜ್ಜೆ ಚಿಕ್ಕದಿರಲಿ, ಮಂಡಿ ಸ್ವಲ್ಪ ಬಾಗಿರಲಿ, ಪೂರ್ತಿ ಪಾದ ಊರಿ. ಕೈಯಲ್ಲೊಂದು ಕೋಲು ಇರಲಿ. ಕೋಲು ಮುದುಕರಿಗೆ ಅಂತ ನಾಚಬೇಡಿ, ಘಟ್ಟದ ಜನ ಕೋಲಿಲ್ಲದೆ ಕಾಡಿಗೆ ಕಾಲಿಡುವುದಿಲ್ಲ. ಆದರೆ ಕಾಡಿನ ಹಸಿ ಗಿಡ ಮುರಿಯುವುದು ಬೇಡ, ಮನೆಯಿಂದಲೇ ಕೊಂಡುಹೋಗಿ.

ಕಾಲು ಸ್ವಲ್ಪ ಪಳಗಿದ ಮೇಲೆ ಬಂಟ್ವಾಳ ತಾಲೂಕಿನ ಕಾರಿಂಜಕ್ಕೆ ಹೋಗಿ. ಕೆಳಗೆ ಪಾರ್ವತಿ, ಬಂಡೆಯ ತುದಿಯಲ್ಲಿ ಈಶ್ವರ. ಮೆಟ್ಟಿಲಿನ ದಾರಿ, ಅರ್ಧ ದಿನದಲ್ಲಿ ಮುಗಿದು ಮನೆಗೆ ಬಂದು ಊಟ ಮಾಡಬಹುದು. ಅಲ್ಲಿಯ ಮಂಗಗಳಿಗೆ ಬ್ಯಾಗಿನ ಜಿಪ್ ತೆಗೆಯಲಿಕ್ಕೆ ಚೆನ್ನಾಗಿ ಗೊತ್ತು, ತಿಂಡಿ ಕೈಯಲ್ಲಿ ಹಿಡಿದುಕೊಂಡು ನಡೆಯಬೇಡಿ. ಕಾರಿಂಜ ಆದ ಮೇಲೆ ಬೆಳ್ತಂಗಡಿಯ ಗಡಾಯಿಕಲ್ಲು. ಟಿಪ್ಪು ಸುಲ್ತಾನ್ 1794ರಲ್ಲಿ ಆ ಒಂಟಿ ಬಂಡೆಯ ಮೇಲೆ ಕೋಟೆ ಕಟ್ಟಿಸಿ ಜಮಾಲಾಬಾದ್ ಎಂದು ಕರೆದ. ಸಾವಿರದ ಎಂಟುನೂರಕ್ಕೂ ಮೀರಿದ ಮೆಟ್ಟಿಲುಗಳು, ಬಹಳಷ್ಟು ಕಡೆ ಬಂಡೆಯನ್ನೇ ಕಡಿದು ಮಾಡಿದವು. ಒಂದು ಮೆಟ್ಟಿಲಿನ ಎತ್ತರ ಇನ್ನೊಂದಕ್ಕಿಲ್ಲ. ನೆರಳು ಕಡಿಮೆ, ಒಂಬತ್ತು ಗಂಟೆಯ ಮೇಲೆ ಕಲ್ಲು ಕಾಯುತ್ತದೆ. ಅದು ಕುದುರೆಮುಖ ವನ್ಯಜೀವಿ ವಿಭಾಗಕ್ಕೆ ಸೇರಿದ ಜಾಗ. ಕೆಳಗಿನ ಗೇಟಿನಲ್ಲಿ ಹಣ ಕಟ್ಟಿ, ಹೆಸರು ಬರೆಸಿ ಹತ್ತಬೇಕು. ಮಳೆಗಾಲದಲ್ಲಿ ಮುಚ್ಚುತ್ತಾರೆ. ಮುಚ್ಚಿದ್ದಾರೆಂದರೆ ಆ ಮೆಟ್ಟಿಲುಗಳ ಮೇಲಿನ ಪಾಚಿಯನ್ನು ನೋಡಿಯೇ ಮುಚ್ಚಿದ್ದಾರೆ. ಗಡಾಯಿಕಲ್ಲನ್ನು ಹತ್ತಿ ಇಳಿದ ಮರುದಿನ ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯಬೇಕಾಗಿ ಬಂದರೆ ಕುಮಾರಪರ್ವತಕ್ಕೆ ಇನ್ನೂ ಒಂದು ತಿಂಗಳು ಉಂಟು ಅಂತ ತಿಳಿಯಿರಿ.

ಈಗ ಬ್ಯಾಗು. ಒಂದು ದಿನದ ನಡಿಗೆಗೆ ಕಾಲೇಜಿನ ಬ್ಯಾಗೇ ಸಾಕು. ರಾತ್ರಿ ಉಳಿಯುವುದಿದ್ದರೆ ಮಾತ್ರ ಸೊಂಟದ ಪಟ್ಟಿ ಇರುವ ದೊಡ್ಡ ಚೀಲ ಬೇಕು. ಆ ಪಟ್ಟಿಯನ್ನು ಹೊಟ್ಟೆಗೆ ಕಟ್ಟಬಾರದು, ಸೊಂಟದ ಎಲುಬಿನ ಮೇಲೆ ಬಿಗಿಯಬೇಕು. ಆಗ ಭಾರದ ದೊಡ್ಡ ಪಾಲು ಹೆಗಲು ಬಿಟ್ಟು ಸೊಂಟಕ್ಕೆ ಇಳಿಯುತ್ತದೆ. ಭಾರದ ವಸ್ತು ಬೆನ್ನಿಗೆ ಒತ್ತಿಕೊಂಡು ನಡುಭಾಗದಲ್ಲಿರಲಿ. ನಿಮ್ಮ ತೂಕದ ಐದನೇ ಒಂದು ಪಾಲಿಗಿಂತ ಹೆಚ್ಚು ಹೊರಬೇಡಿ, ಮೊದಲ ಸಲವಾದರೆ ಅದಕ್ಕೂ ಕಡಿಮೆ. ಮೂರು ಲೀಟರು ನೀರೇ ಮೂರು ಕಿಲೋ ಆಗುತ್ತದೆ, ನೆನಪಿರಲಿ. ಬ್ಲೂಟೂತ್ ಸ್ಪೀಕರ್ ಮನೆಯಲ್ಲೇ ಇರಲಿ. ಕಾಡಿನಲ್ಲಿ ಅದನ್ನು ಹಾಕುವವರಿಂದ ಕಾಡಿಗೂ ನೆಮ್ಮದಿಯಿಲ್ಲ, ಹಿಂದೆ ಬರುವವರಿಗೂ ಇಲ್ಲ. ತಲೆಗೆ ಕಟ್ಟುವ ಟಾರ್ಚು ಪ್ರತಿಯೊಬ್ಬರ ಹತ್ತಿರವೂ ಒಂದೊಂದು ಇರಬೇಕು. ಕತ್ತಲಾಗುವ ಮೊದಲೇ ಇಳಿಯುವ ಯೋಜನೆ ಹಾಕಿದವರೂ ಟಾರ್ಚು ಒಯ್ಯಬೇಕು. ಬ್ಯಾಗಿನೊಳಗೆ ದಪ್ಪ ಪ್ಲಾಸ್ಟಿಕ್ ಚೀಲ ಒಂದನ್ನು ಒಳಪದರದಂತೆ ಹಾಕಿ ಅದರೊಳಗೆ ಬಟ್ಟೆ ತುಂಬಿದರೆ ಎಂಥ ಮಳೆಗೂ ನೆನೆಯುವುದಿಲ್ಲ.

ಜೀನ್ಸ್ ಬೇಡ. ಒದ್ದೆಯಾದರೆ ಭಾರ, ಒಣಗುವುದಿಲ್ಲ, ತೊಡೆ ಉಜ್ಜುತ್ತದೆ. ಹತ್ತಿಯ ಬನಿಯನ್ ಕೂಡ ಬೆವರು ಕುಡಿದು ಹಾಗೇ ಕೂತಿರುತ್ತದೆ, ಮೇಲೆ ಗಾಳಿ ಬೀಸಿದಾಗ ಮೈ ನಡುಗಿಸುತ್ತದೆ. ನಿಮ್ಮ ಕಬಡ್ಡಿಯ, ಕ್ರಿಕೆಟಿನ ಪಾಲಿಯೆಸ್ಟರ್ ಜೆರ್ಸಿ ಉಂಟಲ್ಲ, ಅದಕ್ಕಿಂತ ಒಳ್ಳೆಯ ಅಂಗಿ ಇಲ್ಲ. ಬ್ಯಾಗಿನಲ್ಲಿ ಒಣಗಿದ ಇನ್ನೊಂದು ಜೊತೆ, ಒಂದು ಬೈರಾಸು, ಒಂದು ಬೆಚ್ಚನೆಯ ಅಂಗಿ. ಕರಾವಳಿಯವರಿಗೆ ಚಳಿ ಅಂದರೆ ಏನೆಂದು ಗೊತ್ತಿಲ್ಲದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಶೂವಿಗೆ ಖರ್ಚು ಮಾಡುವುದಿದ್ದರೆ ಮಾಡಿ, ಆದರೆ ಹೊಸ ಶೂ ಹಾಕಿ ಘಟ್ಟಕ್ಕೆ ಹೋಗಬೇಡಿ; ಒಂದು ತಿಂಗಳು ಕಾಟಿಪಳ್ಳದ ರಸ್ತೆಯಲ್ಲಿ ತುಳಿದಿರಬೇಕು. ಕೊಳ್ಳುವಾಗ ಸಂಜೆ ಹೋಗಿ, ದಿನವಿಡೀ ನಡೆದ ಪಾದ ಸ್ವಲ್ಪ ಊದಿರುತ್ತದೆ. ಮುಂದೆ ಒಂದು ಬೆರಳಿನಷ್ಟು ಜಾಗ ಬೇಕು, ಇಲ್ಲವಾದರೆ ಇಳಿಯುವಾಗ ಹೆಬ್ಬೆರಳು ಗುದ್ದಿ ಗುದ್ದಿ ಉಗುರು ಕಪ್ಪಾಗುತ್ತದೆ. ಹೋಗುವ ಮುನ್ನ ಉಗುರು ಕತ್ತರಿಸಿ. ಹಿಮ್ಮಡಿಯಲ್ಲಿ ಉರಿ ಶುರುವಾದ ಕೂಡಲೇ ನಿಂತು ಪಟ್ಟಿ ಹಚ್ಚಿ. ಬೊಬ್ಬೆ ಎದ್ದ ಮೇಲೆ ಹಚ್ಚಿದರೆ ತಡವಾಯಿತು.

ತಿಂಡಿಗೆ ಅಂಗಡಿಯ ಬಣ್ಣದ ಪೊಟ್ಟಣ ಬೇಡ. ಅವಲಕ್ಕಿ, ಬೆಲ್ಲ, ನೆಲಗಡಲೆ, ಖರ್ಜೂರ, ಬಾಳೆಹಣ್ಣು. ಬೆಳಿಗ್ಗೆಗೆ ಬುತ್ತಿಯಲ್ಲಿ ಚಿತ್ರಾನ್ನ. ನಮ್ಮ ಹಳೆಯ ಮನೆಗಳಲ್ಲಿ ಬಿಸಿಲಿನಿಂದ ಬಂದವರಿಗೆ ಬೆಲ್ಲ ನೀರು ಕೊಡುತ್ತಿದ್ದುದು ಸುಮ್ಮನೆ ಅಲ್ಲ. ಗುಡ್ಡದಲ್ಲೂ ಹಾಗೇ ಆಗಾಗ ಸ್ವಲ್ಪ ಸ್ವಲ್ಪ ತಿನ್ನಬೇಕು, ಆಗಾಗ ಗುಟುಕು ಗುಟುಕು ಕುಡಿಯಬೇಕು. ಬರೀ ನೀರು ಕುಡಿದರೆ ಸಾಲದು, ಬೆವರಲ್ಲಿ ಉಪ್ಪು ಹೋಗಿರುತ್ತದೆ. ಒಂದು ಲೀಟರು ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡನ್ನೂ ಮಟ್ಟಮಾಡಿ ಅಳೆದು ಹಾಕಿ. ಮನೆಯಲ್ಲಿ ಪುನರ್ಪುಳಿ ಇದ್ದರೆ ಉಪ್ಪು, ಬೆಲ್ಲ ಹಾಕಿ ಒಂದು ಬಾಟಲಿ ಮಾಡಿಕೊಳ್ಳಿ. ಭಟ್ಟರ ಮನೆಯ ಮೇಲಕ್ಕೆ ನೀರು ಸಿಕ್ಕೀತು ಎಂದು ನಂಬಿ ಹೋಗಬೇಡಿ. ಕಲ್ಲುಮಂಟಪದ ಹತ್ತಿರದ ಒರತೆ ಬೇಸಿಗೆ ಸಮೀಪಿಸಿದಂತೆ ಕ್ಷೀಣಿಸುತ್ತದೆ.

ಇಂಬಳಕ್ಕೆ ಹೆದರಬೇಡಿ. ಕಾಲುಚೀಲದ ಮೇಲೆ ಸುಣ್ಣ, ಹೊಗೆಸೊಪ್ಪು ತಿಕ್ಕುವುದು ಮಲೆನಾಡಿನವರ ಕ್ರಮ. ಕಚ್ಚಿದರೆ ಉಗುರಿನಿಂದ ಬದಿಗೆ ಸರಿಸಿ ಬಿಡಿಸಿ, ರಕ್ತ ಸ್ವಲ್ಪ ಹೊತ್ತು ಹರಿದು ತಾನಾಗಿ ನಿಲ್ಲುತ್ತದೆ. ಹೆದರಬೇಕಾದ್ದು ಕಣ್ಣಿಗೆ ಸರಿಯಾಗಿ ಕಾಣದ ಉಣ್ಣೆಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣ್ಣೆಯ ಕಡಿತದಿಂದ. 1980ರ ದಶಕದ ಆರಂಭದಲ್ಲಿ ನಮ್ಮ ಬೆಳ್ತಂಗಡಿಯ ಕಡೆಯೂ ಅದು ಹರಡಿ ಜೀವ ತೆಗೆದಿತ್ತು. ಅದರ ಕಾಲ ಡಿಸೆಂಬರಿನಿಂದ ಮೇವರೆಗೆ. ನೀವು ಗುಡ್ಡ ಹತ್ತುವ ಕಾಲವೂ ಅದೇ. ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ತುರುಕಿ, ತರಗೆಲೆಯ ಮೇಲೆ ಕೂರಬೇಡಿ, ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಅರಣ್ಯದವರಿಗೆ ತಿಳಿಸಿ. ಮನೆಗೆ ಬಂದು ಬಿಸಿನೀರಿನಲ್ಲಿ ಮಿಂದು ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿಕೊಳ್ಳಿ. ಒಂದು ವಾರ ಹತ್ತು ದಿನದೊಳಗೆ ಜೋರಾದ ಜ್ವರ, ಮೈಕೈ ನೋವು ಬಂದರೆ ವೈದ್ಯರಿಗೆ ಮೊದಲ ಮಾತಿನಲ್ಲೇ ಕಾಡಿಗೆ ಹೋಗಿದ್ದೆ ಅಂತ ಹೇಳಿ.

ಯಾರ ಜೊತೆ ಹೋಗಬೇಕು ಎಂಬುದರ ಬಗ್ಗೆ ನನಗೆ ಬಲವಾದ ಅಭಿಪ್ರಾಯ ಉಂಟು. ನವಮಂಗಳೂರು ಬಂದರಿಗಾಗಿ ಪಣಂಬೂರು ಆಸುಪಾಸಿನ ಮನೆ, ಗದ್ದೆ ಬಿಟ್ಟುಕೊಟ್ಟವರಿಗೆ ಸರಕಾರ ಜಾಗ ಕೊಟ್ಟ ಊರು ನಮ್ಮದು. ಬ್ಲಾಕುಗಳ ಹೆಸರಿನಲ್ಲಿ ಇವತ್ತಿಗೂ ಉಳಿದಿರುವುದು ಆ ಚರಿತ್ರೆ. ಬೇರೆ ಬೇರೆ ಮತದವರು ಒಂದೇ ಕಷ್ಟ ಹೊತ್ತುಕೊಂಡು ಈ ಮುರಕಲ್ಲಿನ ಗುಡ್ಡೆಗೆ ಬಂದು ನೆಲೆನಿಂತರು. ಈಚಿನ ವರ್ಷಗಳಲ್ಲಿ ಪತ್ರಿಕೆಯಲ್ಲಿ ಮತದ್ವೇಷದ ಸುದ್ದಿಯೊಳಗೆ ಕಾಟಿಪಳ್ಳದ ಹೆಸರು ಕಂಡಾಗ ಎದೆ ಝಲ್ಲೆಂದ ದಿನಗಳೂ ಬಂದವು. ನಿಮ್ಮ ಗುಂಪಿನಲ್ಲಿ ಎಲ್ಲ ಬ್ಲಾಕಿನವರೂ, ಎಲ್ಲ ಮನೆಯವರೂ ಇರಲಿ ಎಂದು ನಾನು ಬಯಸುವುದು ಅದಕ್ಕೇ. ಒಂದೇ ಬಾಟಲಿಯ ನೀರನ್ನು ಆರು ಜನ ಹಂಚಿಕೊಂಡು ಗುಡ್ಡ ಇಳಿದವರು ಊರಲ್ಲಿ ಎದುರಾದಾಗ ಮುಖ ತಿರುಗಿಸುವುದಿಲ್ಲ. ನಮಾಜು ಮಾಡುವವರಿದ್ದರೆ ಆ ಹೊತ್ತನ್ನೂ ನಿಮ್ಮ ಲೆಕ್ಕದಲ್ಲಿ ಸೇರಿಸಿ, ಉಳಿದವರಿಗೆ ಅದು ವಿಶ್ರಾಂತಿ. ಹುಡುಗಿಯರು ಬರುವುದಿದ್ದರೆ ಅವರ ಮನೆಯವರು ಹೊರಡುವ ಮೊದಲೇ ಎಲ್ಲರನ್ನೂ ಕಂಡು ಮಾತಾಡಿರಲಿ, ಒಬ್ಬಳೇ ಹುಡುಗಿ ಆಗದಂತೆ ನೋಡಿಕೊಳ್ಳಿ, ಜೊತೆಗೆ ಹಿರಿಯರೊಬ್ಬರು ಇರಲಿ. ಮುಟ್ಟಿನ ದಿನ ಎಂದು ಯಾರೂ ಹಿಂದುಳಿಯಬೇಕಾಗಿಲ್ಲ; ಬೇಕಾದ್ದನ್ನು ಒಯ್ಯಿರಿ, ಬಳಸಿದ್ದನ್ನು ಗಟ್ಟಿ ಚೀಲದಲ್ಲಿ ಕಟ್ಟಿ ವಾಪಸ್ಸು ತನ್ನಿ. ಇಂಥ ಮಾತನ್ನು ಹಿರಿಯರು ಬಾಯಿಬಿಟ್ಟು ಹೇಳದೆ ಇದ್ದದ್ದರಿಂದಲೇ ಎಷ್ಟೋ ಹುಡುಗಿಯರು ಮನೆಯಲ್ಲಿ ಉಳಿದರು.

ಗುಂಪಿನ ವೇಗ ಅಂದರೆ ಅದರಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರ ವೇಗ. ಅವರನ್ನು ಮುಂದೆ ಬಿಡಿ. ದಾರಿ ಚೆನ್ನಾಗಿ ಬಲ್ಲ, ಗಟ್ಟಿ ಕಾಲಿನ ಒಬ್ಬರು ಕೊನೆಯಲ್ಲಿರಲಿ. ಮುಂದೆ ಓಡಿಹೋಗಿ ಬಂಡೆಯ ಮೇಲೆ ಕೂತು ಕಾಯುವ ಚಾಳಿ ಕೆಟ್ಟದ್ದು: ಹಿಂದಿನವರು ಏದುಸಿರು ಬಿಡುತ್ತಾ ಬಂದು ಮುಟ್ಟಿದ ಕೂಡಲೇ ಇವರು ಎದ್ದು ಹೊರಡುತ್ತಾರೆ, ವಿಶ್ರಾಂತಿ ಬೇಕಾದವರಿಗೆ ಅದು ಸಿಗುವುದೇ ಇಲ್ಲ.

ಮನೆಯಲ್ಲಿ ಒಂದು ಚೀಟಿ ಬರೆದಿಟ್ಟು ಹೋಗಿ. ಯಾರ್ಯಾರು, ಯಾವ ದಾರಿ, ಯಾವ ಚೆಕ್‌ಪೋಸ್ಟ್, ಎಷ್ಟು ಗಂಟೆಗೆ ಕೆಳಗೆ ಬಂದು ಫೋನ್ ಮಾಡುತ್ತೇವೆ, ಎಷ್ಟು ಗಂಟೆಯವರೆಗೆ ಗಾಬರಿ ಬೇಡ, ಆಮೇಲೆ 112ಕ್ಕೆ ಕರೆ ಮಾಡಿ. ಕಾಡಿನಲ್ಲಿ ಸಿಗ್ನಲ್ ಇರುವುದಿಲ್ಲ, ಹುಡುಕುತ್ತಾ ಹುಡುಕುತ್ತಾ ಫೋನಿನ ಬ್ಯಾಟರಿ ಬೇಗ ಮುಗಿಯುತ್ತದೆ. ಏರೋಪ್ಲೇನ್ ಮೋಡಿನಲ್ಲಿಡಿ.

ಅನುಮತಿಯ ವಿಷಯದಲ್ಲಿ ಕಳ್ಳದಾರಿ ಬೇಡ. 2024ರ ಜನವರಿಯ ಕೊನೆಯ ರಜೆಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಜನ ಒಮ್ಮೆಲೇ ನುಗ್ಗಿದ ಚಿತ್ರ ನೀವೂ ನೋಡಿರಬೇಕು. ಜಾತ್ರೆಯ ಸಾಲಿನಂತೆ ಜನ, ಕಾಲಿಡಲಿಕ್ಕೆ ಜಾಗವಿಲ್ಲ. ಅದಾದ ಮೇಲೆ ಸರಕಾರ ಚಾರಣಕ್ಕೆ ಕಡಿವಾಣ ಹಾಕಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮುಂಗಡ ಟಿಕೆಟ್ ಬಂತು, ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿ ಬಂತು. ಹೋಗುವ ವಾರ ಇನ್ನೊಮ್ಮೆ ನಿಯಮ ನೋಡಿಕೊಳ್ಳಿ, ಬೇಸಿಗೆಯ ಬೆಂಕಿಗೂ ಮಳೆಗೂ ದಾರಿ ಮುಚ್ಚುತ್ತಾರೆ. ತಂದ ಪೊಟ್ಟಣ, ಬಾಟಲಿ ಎಲ್ಲ ಕೆಳಗೆ ಬರಬೇಕು. ಬಯಲಿಗೆ ಹೋಗುವುದಿದ್ದರೆ ನೀರಿನಿಂದ ಕನಿಷ್ಠ ಅರವತ್ತು ಮೀಟರ್ ದೂರ, ಒಂದು ಗೇಣು ಗುಂಡಿ ತೋಡಿ, ಮಣ್ಣು ಮುಚ್ಚಿ.

ಎರಡು ಜಾಗಕ್ಕೆ ಮಾತ್ರ ಯಾರು ಕರೆದರೂ ಹೋಗಬೇಡಿ. ಒಂದು, ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ರೈಲು ಹಳಿ. ಐವತ್ತಕ್ಕೂ ಹೆಚ್ಚು ಸುರಂಗ, ಕಣಿವೆಯ ಮೇಲೆ ತಡೆಗೋಡೆಯಿಲ್ಲದ ಸೇತುವೆಗಳು. ಹಿಂದೆ ಜನ ಅದನ್ನು ಹಸಿರು ದಾರಿ ಅಂತ ನಡೆಯುತ್ತಿದ್ದರು. ರೈಲ್ವೆಯವರು ನಿಷೇಧಿಸಿದ್ದಾರೆ, ಸುರಂಗದ ನಡುವೆ ರೈಲು ಬಂದರೆ ಗೋಡೆಗೆ ಅಂಟಿಕೊಳ್ಳುವುದು ಬಿಟ್ಟು ಬೇರೆ ಉಪಾಯವಿಲ್ಲ. ಇನ್ನೊಂದು, ಮಳೆಗಾಲದ ಜಲಪಾತದ ತುದಿ. 2023ರ ಜುಲೈಯಲ್ಲಿ ಕೊಲ್ಲೂರಿನ ಹತ್ತಿರ ಅರಿಶಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತು ನೋಡುತ್ತಿದ್ದ ಯುವಕನೊಬ್ಬ ಗೆಳೆಯ ವಿಡಿಯೊ ಮಾಡುತ್ತಿದ್ದಂತೆಯೇ ಜಾರಿ ಹೋದ. ಎಷ್ಟೋ ದಿನ ಹುಡುಕಬೇಕಾಯಿತು. ಆ ವಿಡಿಯೊವನ್ನು ನೀವು ಒಬ್ಬರಿಗೊಬ್ಬರು ಕಳಿಸಿಕೊಂಡಿರಿ. ಅವನ ತಾಯಿಯನ್ನು ನೆನೆದು ಇದನ್ನು ಹೇಳುತ್ತಿದ್ದೇನೆ. ಚಾರ್ಮಾಡಿಯಲ್ಲಿ ಗಾಡಿ ನಿಲ್ಲಿಸಿ ಒದ್ದೆ ಬಂಡೆ ಹತ್ತುವವರಿಗೂ ಇದೇ ಮಾತು.

ಇನ್ನೊಂದು ಕೆಲಸ ಉಂಟು, ಖರ್ಚಿಲ್ಲದ್ದು. ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಸಸಿಹಿತ್ಲುವಿನ ಮೊದಲ ಭಾನುವಾರದಿಂದಲೇ ಬರೆಯಲು ಶುರುಮಾಡಿ: ಎಷ್ಟಕ್ಕೆ ಹೊರಟಿರಿ, ಎಲ್ಲಿಗೆ ಎಷ್ಟಕ್ಕೆ ಮುಟ್ಟಿದಿರಿ, ಎಷ್ಟು ಸಲ ಕೂತಿರಿ, ಎಷ್ಟು ನೀರು ಉಳಿಯಿತು, ಯಾವುದನ್ನು ಸುಮ್ಮನೆ ಹೊತ್ತಿರಿ, ಇಳಿಯಲಿಕ್ಕೆ ಎಷ್ಟು ಹೊತ್ತು ಬೇಕಾಯಿತು. ನೈಸ್ಮಿತ್ ಅವರ ಲೆಕ್ಕ ಸ್ಕಾಟ್ಲೆಂಡಿನ ತಂಪಿನದು. ಕಾರಿಂಜ, ಗಡಾಯಿಕಲ್ಲು ಮುಗಿಯುವಷ್ಟರಲ್ಲಿ ನಿಮ್ಮ ಗುಂಪಿನ ಲೆಕ್ಕ ನಿಮ್ಮ ಕೈಯಲ್ಲೇ ಇರುತ್ತದೆ. ಆ ಪುಸ್ತಕ ತೆಗೆದುಕೊಂಡು ನನ್ನ ಹತ್ತಿರ ಬನ್ನಿ. ಸಂಸೆಯ ಬಳಿಯ ಮುಳ್ಳೋಡಿಯಿಂದ ಕುದುರೆಮುಖದ ತುದಿಗೆ ಒಂಬತ್ತು ಹತ್ತು ಕಿಲೋಮೀಟರ್ ಉಂಟು, ಎತ್ತರ 1894 ಮೀಟರ್, ಸಂಜೆಯೊಳಗೆ ಇಳಿಯಲೇಬೇಕು. ಎಷ್ಟು ಗಂಟೆಗೆ ಹೊರಡಬೇಕು, ಎಷ್ಟು ಗಂಟೆಗೆ ತಿರುಗಬೇಕು, ನೀವೇ ಹೇಳಿ.